ಮಾಳವ್ವನ ಕಣ್ಣು

೧೯೬೭ರಲ್ಲಿ ಸಾಲೋಟಗಿಯ ಕುರಿಗಾರ ಸಿದ್ದರಾಯನ ಹೆಂಡತಿ ಶೇವಂತೆವ್ವ ಹೆಣ್ಣು ಹೆತ್ತಳು. ದೀಪ ಹಿಡಿದರೂ ಕೂಸು ಮಾಳವ್ವ ಅತ್ತ ನೋಡುತ್ತಿರಲಿಲ್ಲ. ಬಸುರಿಯಾಗಿದ್ದಾಗ ಸೊಸೆ ಗ್ರಹಣ ನೋಡಿದ್ದಾಳೆಂದು ಅತ್ತೆ ಊರೆಲ್ಲ ದೂರಿದಳು. ಸಿದ್ದರಾಯ ಎರಡನೆಯ ಮದುವೆಗೆ ಹೆಣ್ಣು ನೋಡತೊಡಗಿದ.

ಶೇವಂತೆವ್ವ ಕೂಸನ್ನೆತ್ತಿಕೊಂಡು ಸೊಲ್ಲಾಪುರದ ದವಾಖಾನೆಗೆ ಹೋದಳು. ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರಬಾಯಿ ಕೇಳಿದಳು: “ಬಸುರಿದ್ದಾಗ ಅರೆಬೆಂದ ಖಂಡ ತಿಂದಿದ್ದೇನವ್ವಾ? ಅದರಾಗಿನ ರೋಗ ತಾಯಿಂದ ಕೂಸಿನ ಕಣ್ಣಿಗೆ ಹೋಗ್ತೈತಿ. ಒಂದು ಕಣ್ಣು ಹೋಗೈತಿ. ಗುಳಿಗಿ ಕೊಟ್ಟರ ಇನ್ನೊಂದು ಉಳಿಬಹುದು.”

ಬಸುರಿದ್ದಾಗ ಮೈದುನನ ಮದುವೆಯಲ್ಲಿ ಉಪ್ಪು ನೋಡೆಂದು ಅರೆಬೆಂದ ಮಾಂಸದ ತುಂಡನ್ನು ತನ್ನ ಬಾಯಿಗಿಟ್ಟವಳು ಅತ್ತೆಯೇ. ಶೇವಂತೆವ್ವನ ಮೈ ಉರಿಯಿತು.

“ಬಸುರಿದ್ದಾಗ ಯಾರೂ ಬಂದು ಹೇಳಲಿಲ್ಲ. ಕೂಸು ಕುರುಡಾದ ಮ್ಯಾಲೆ ಹೇಳ್ತೀರೇನ್ರಿ?”

“ನೀ ಅನ್ನೂದು ಖರೆ ಐತಿ,” ಎಂದು ಡಾಕ್ಟರಬಾಯಿ ತಲೆ ತಗ್ಗಿಸಿದಳು.

ಊರಿಗೆ ಬಂದವಳೇ ಶೇವಂತೆವ್ವ ಅತ್ತೆ, ಗಂಡ ಇಬ್ಬರನ್ನೂ ಅಂಗಳಕ್ಕೆ ಕರೆದು ಎಲ್ಲ ಹೇಳಿದಳು. “ಗ್ರಹಣ ಅಂದ್ರಿ, ನನ್ನ ಪಾಪ ಅಂದ್ರಿ. ಇನ್ನೊಬ್ಬಾಕೀನ ತಂದು ಆಕೀಗೂ ಅರೆಬೆಂದದ್ದು ತಿನಸ್ತೀರೇನು?” ಎಂದು ನೆರೆಹೊರೆಗೆಲ್ಲ ಕೇಳುವಂತೆ ಕೂಗಿದಳು. ಸಿದ್ದರಾಯ ಮದುವೆಯ ಮಾತು ಬಿಟ್ಟ.

ಮಾತ್ರೆಯಿಂದ ಬಲಗಣ್ಣು ಉಳಿಯಿತು. ಊರಲ್ಲಿ ಯಾರು ಬಸುರಾದರೂ ಶೇವಂತೆವ್ವ ಅವರ ಮನೆಗೆ ಹೋಗಿ, ಖಂಡ ಚೆನ್ನಾಗಿ ಬೇಯಿಸಿ ತಿನ್ನಿರೆಂದು ಹೇಳುತ್ತಿದ್ದಳು. ಅತ್ತೆಯೊಡನೆ ಮಾತ್ರ ಅವಳು ಮತ್ತೆಂದೂ ಮಾತಾಡಲಿಲ್ಲ.