ಸೈರನ್ ಕೂಗಿಸಿದ ಮೇಡಂ

ನಮ್ಮ ಮೇಡಂ ತಲೆವಸ್ತ್ರವನ್ನು ಗಲ್ಲದ ಕೆಳಗೆ ಸಿಕ್ಕಿಸುತ್ತಿದ್ದುದು ಪಿನ್ನಿನಿಂದಲ್ಲ, ಲ್ಯಾಬಿನಲ್ಲಿ ವೈರು ಕಚ್ಚಿಹಿಡಿಯುವ ಕೆಂಪು ಕ್ರೊಕೊಡೈಲ್ ಕ್ಲಿಪ್ಪಿನಿಂದ. ಪಾಠದ ಮಧ್ಯೆ ವೈರು ಕಳಚಿದರೆ ಅದನ್ನೇ ತೆಗೆದು ಅಲ್ಲಿ ಹಾಕಿ, ಒಂದು ಕೈಯಲ್ಲಿ ವಸ್ತ್ರ ಹಿಡಿದುಕೊಂಡು ಪಾಠ ಮುಂದುವರಿಸುತ್ತಿದ್ದರು. ಬಂಟ್ವಾಳದ ಬ್ಯಾರಿ ಮುಸ್ಲಿಮರ ಮನೆತನ, ಅಣ್ಣಂದಿರೆಲ್ಲ ಗಲ್ಫಿನಲ್ಲಿ. ಇವರು ಮಾತ್ರ ದಿನಾ ಬಸ್ಸಿನಲ್ಲಿ ಮೂಡಬಿದಿರೆಯ ನಮ್ಮ ಎಂಜಿನಿಯರಿಂಗ್ ಕಾಲೇಜಿಗೆ ಬರುತ್ತಿದ್ದರು. ಯಾರಾದರೂ "ಆಗುವುದಿಲ್ಲ" ಅಂದರೆ, "ಯಾಕೆ ಆಗುವುದಿಲ್ಲ ಅಂತ ತೋರಿಸು, ಮತ್ತೆ ಒಪ್ತೇನೆ" ಎನ್ನುವುದು ಅವರ ಅಭ್ಯಾಸ.

ಓದು ಮುಗಿಸಿ ನಾನು ಅವರ ಲ್ಯಾಬಿನಲ್ಲೇ ಕೆಲಸಕ್ಕೆ ಸೇರಿದ ವರ್ಷ, ಚಾರ್ಮಾಡಿ ಕಡೆಯ ಪಂಚಾಯತ್ ಸದಸ್ಯೆಯೊಬ್ಬರು ಮೇಡಂ ಅವರನ್ನು ಹುಡುಕಿಕೊಂಡು ಬಂದರು. ಹೊಳೆ ಏರಿದರೆ ಕೂಗುವ ಸೈರನ್ ಅವರ ಊರಿನಲ್ಲಿತ್ತು. ಸಿಡಿಲಿಗೆ ಅದರೊಳಗಿನ ಸರ್ಕ್ಯೂಟ್ ಬೋರ್ಡ್ ಸುಟ್ಟುಹೋಗಿತ್ತು. ಮಾಡಿಕೊಟ್ಟ ಕಂಪನಿ ಆ ಮಾದರಿಯನ್ನೇ ನಿಲ್ಲಿಸಿ, ಎಲ್ಲವನ್ನೂ ಹೊಸದಾಗಿ ಕೊಳ್ಳಿ ಎನ್ನುತ್ತಿತ್ತು. ಹಿಂದಿನ ಮಳೆಗಾಲ ಗುಡ್ಡ ಜರಿದು ಕೆಸರುನೀರು ಮನೆಗಳಿಗೆ ನುಗ್ಗಿದ ಜಾಗ ಅದು.

ನಮಗೆ ಸಿಕ್ಕಿದ್ದು ಬೇರೆಯೇ ಪ್ರೊಸೆಸರಿನ ಹೊಸ ಬೋರ್ಡ್. ಹಳೆಯ ತಂತ್ರಾಂಶ ಅದರಲ್ಲಿ ಓಡುವಂತಿರಲಿಲ್ಲ. ಯಾರು ಬೇಕಾದರೂ ತೆಗೆದು ತಿದ್ದಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಮ್ ಒಂದನ್ನು ಆ ಬೋರ್ಡಿಗೆ ಒಗ್ಗಿಸುತ್ತೇನೆಂದು ಮೇಡಂ ಹೊರಟರು.

ಸುದ್ದಿ ತಿಳಿದು ಕಂಪನಿಯವರೊಬ್ಬರು ಕಾಲೇಜಿಗೇ ಬಂದರು. "ಇದು ಮಕ್ಕಳ ಪ್ರಾಜೆಕ್ಟ್ ಅಲ್ಲ ಮೇಡಂ. ನಾಳೆ ಸೈರನ್ ಕೂಗದಿದ್ದರೆ ಯಾರು ಜವಾಬ್ದಾರಿ?"

"ಈಗಲೂ ಕೂಗುವುದಿಲ್ಲವಲ್ಲ, ಅದಕ್ಕೆ ನೀವು ಜವಾಬ್ದಾರಿಯಾ?" ಎಂದರು ಮೇಡಂ. ಬಂದವರು ಚಹಾ ಕೂಡ ಮುಗಿಸದೆ ಎದ್ದರು.

ಕೆಲಸವೇನೂ ಸುಲಭವಾಗಲಿಲ್ಲ. ಬೋರ್ಡ್ ಚಾಲೂ ಮಾಡಿದರೆ ಪರದೆಯ ಮೇಲೆ ಅಕ್ಷರಗಳ ಬದಲು ಅರ್ಥವಿಲ್ಲದ ಗೀಚು. ವಾರಗಟ್ಟಲೆ ಹೀಗೇ. ಕೈಪಿಡಿಯಲ್ಲಿದ್ದಂತೆಯೇ ಮಾಡಿದ್ದೇನೆಂದು ನಾನು ಅಳುವಂತಾದೆ. "ಕೈಪಿಡಿ ಹೇಳಿದ್ದು ಸಾಕು ಮಾರಾಯ್ತಿ, ಬೋರ್ಡ್ ಏನು ಹೇಳ್ತದೆ ನೋಡುವ" ಎಂದು ಮೇಡಂ ವಿದ್ಯುತ್ತಿನ ಅಲೆ ಅಳೆಯುವ ಆಸಿಲೋಸ್ಕೋಪ್ ಎಳೆದುಕೊಂಡರು. ಅಳೆದು ನೋಡಿದರೆ, ಬೋರ್ಡಿನೊಳಗಿನ ಗಡಿಯಾರ ಮಿಡಿಯುವ ವೇಗವನ್ನು ಕೈಪಿಡಿಯಲ್ಲಿ ತಪ್ಪಾಗಿ ಅಚ್ಚು ಹಾಕಿದ್ದರು. ಅಳೆದ ಅಂಕಿಯನ್ನು ಹಾಕಿದೊಡನೆ ಸಾಲುಸಾಲಾಗಿ ಅಕ್ಷರ ಮೂಡಿತು. ನಾನು ಕುಣಿದೆ. ಅವರು ಕುರ್ಚಿಯಲ್ಲಿ ಕೂತೇ ನಕ್ಕರು.

ಆಗ ಕಾಲೇಜಿನ ಆಡಳಿತ ಮಂಡಳಿಗೆ ಆಸೆ ಹುಟ್ಟಿತು. ಕೋಡನ್ನು ಗುಟ್ಟಾಗಿಟ್ಟು ಮಾರಬಹುದಲ್ಲ ಎಂದರು. "ಸಾವಿರ ಜನ ಬರೆದು ಎಲ್ಲರಿಗೂ ಬಿಟ್ಟದ್ದರ ಮೇಲೆ ನಾನು ನಾಲ್ಕು ಸಾಲು ಬರೆದದ್ದು. ಬಾಗಿಲು ಹಾಕ್ಲಿಕ್ಕೆ ನಾನ್ಯಾರು?" ಎಂದು ಮೇಡಂ ತಾವು ಮಾಡಿದ ಬದಲಾವಣೆಗಳನ್ನೆಲ್ಲ ಅಂದೇ ಅಂತರ್ಜಾಲದಲ್ಲಿ ಸಾರ್ವಜನಿಕವಾಗಿ ಹಾಕಿಬಿಟ್ಟರು. ಆ ವರ್ಷ ಅವರಿಗೆ ಬಡ್ತಿ ಬರಲಿಲ್ಲ. ಅವರು ಕೇಳಲೂ ಇಲ್ಲ.

ಮಳೆಗೆ ಮೊದಲೇ ನಾವಿಬ್ಬರೂ ಹೋಗಿ ಹೊಳೆಬದಿಯ ಸೈರನ್ನಿಗೆ ಬೋರ್ಡ್ ಕೂರಿಸಿ ಬಂದಿದ್ದೆವು. ಮಳೆ ಬಿಡದ ಆಟಿ ತಿಂಗಳ ಒಂದು ಮಧ್ಯಾಹ್ನ ಪಂಚಾಯತ್ ಸದಸ್ಯೆಯ ಫೋನು ಬಂತು. "ಕೂಗಿತು ಮೇಡಂ! ಎಲ್ಲರೂ ಮೇಲಿನ ಶಾಲೆಗೆ ಹತ್ತಿದ್ದೇವೆ. ಕೆಳಗಿನ ಮನೆಗಳ ಒಳಗೆ ನೀರುಂಟು, ಜನ ಯಾರೂ ಇಲ್ಲ."

ಕುರ್ಚಿಯಲ್ಲಿ ಕೂತಿದ್ದ ಮೇಡಂ ಎದ್ದು ನಿಂತರು. ಆಮೇಲೆ "ಬೋರ್ಡಿಗೆ ನೀರು ತಾಗಿತಾ?" ಎಂದು ಗದರುವವರಂತೆ ಕೇಳಿದರು.

ಮರುವರ್ಷ ಅವರಿಗೆ ಕ್ಯಾನ್ಸರ್. ಆಸ್ಪತ್ರೆಯ ಮಂಚದಲ್ಲೂ ಲ್ಯಾಪ್‌ಟಾಪ್ ಬಿಡಲಿಲ್ಲ. ಡಾಕ್ಟರು ವಿಶ್ರಾಂತಿ ಬೇಕು ಎಂದಾಗ, "ಮಲಗಿಯೇ ಇದ್ದೇನಲ್ಲ ಡಾಕ್ಟ್ರೇ" ಎಂದರಂತೆ. ಮಳೆ ಶುರುವಾಗುವ ಮೊದಲೇ ಹೋದರು.

ಆ ಹೊತ್ತಿಗೆ ನಾವು ಹಾಕಿದ್ದ ಬೋರ್ಡೂ ಕೆಟ್ಟಿತ್ತು, ಮಾರುಕಟ್ಟೆಯಿಂದಲೂ ಮಾಯವಾಗಿತ್ತು. ಇನ್ನೊಂದು ಹೊಸ ಬೋರ್ಡಿಗೆ ಈ ಸಲ ನಾನೊಬ್ಬಳೇ ಎಲ್ಲವನ್ನೂ ಒಗ್ಗಿಸಿ, ಚಾರ್ಮಾಡಿಗೆ ಕೊಂಡುಹೋದೆ. ಹಿಂದಿನ ಸಲ ನಮ್ಮಿಬ್ಬರನ್ನೂ ಕಂಡಿದ್ದ ಹೊಳೆಬದಿಯ ಮನೆಯ ಅಜ್ಜಿ ಜಗಲಿಯಿಂದ ಇಳಿದು ಬಂದರು.

"ಟೀಚರ್ ಬರ್ಲಿಲ್ವಾ?"

ತೀರಿಹೋದರೆಂದೆ. ಅಜ್ಜಿ ಹೊಳೆಯ ಕಡೆ ನೋಡಿದರು. ಮತ್ತೆ ನನ್ನ ಮುಖ ನೋಡಿ, "ಹಾಗಾದ್ರೆ ಇನ್ನು ನೀನೇ ಬರ್ಬೇಕು" ಎಂದರು.

"ಬರ್ತೇನೆ ಅಜ್ಜಿ" ಎಂದೆ.