ಸಂಗಪ್ಪ ಕಾಕಾ ಮೂಸಿದ ಮಣ್ಣು

ಹೊಸ ಊರಿಗೆ ಕಾಲಿಟ್ಟರೆ ಸಂಗಪ್ಪ ಕಾಕಾ ಮೊದಲು ಚಪ್ಪಲಿ ಬಿಡುತ್ತಿದ್ದರು. ಬಗ್ಗಿ ಚಿಟಿಕೆ ಮಣ್ಣೆತ್ತಿ, ಬೆರಳಲ್ಲಿ ತಿಕ್ಕಿ, ಮೂಸಿ ನೋಡಿ ತೀರ್ಪು ಕೊಡುತ್ತಿದ್ದರು. ವಿಜಯಪುರದ ಕಡೆಯವರು, ಪರೇಲಿನ ಮಿಲ್ಲು ಮುಚ್ಚುವವರೆಗೆ ಮಗ್ಗ ನಡೆಸಿದವರು, ಕುರ್ಲಾದ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿಯವರು. ಸಾವಿನ ಮಾತನ್ನು ಚಹಾ ಕುಡಿಯುತ್ತಲೇ ಆಡುತ್ತಿದ್ದರು. "ನಾವು ಲಿಂಗವಂತರು. ನನ್ನ ಸುಡಬ್ಯಾಡ್ರಿ. ನಮ್ಮಾಕಿ ಬಾಜೂಕ ಕುಂಡ್ರಸ್ರಿ, ಸಾಕು." ಹೆಂಡತಿ ಗೌರಮ್ಮನನ್ನು ತಾವೇ ಕುಣಿಗಿಳಿಸಿ, ಅಂಗೈಯಲ್ಲಿ ಲಿಂಗವಿಟ್ಟು ಕೂರಿಸಿ ಬಂದಿದ್ದರು.

ಒಂದು ರವಿವಾರ ಲೋಕಲ್ ಹಿಡಿದು ಕಾಕಾ, ನಾನು ಇಬ್ಬರೂ ನಾಲಾಸೋಪಾರಾಕ್ಕೆ ಹೋದೆವು. ಹಿಂದೆ ಹಡಗುಗಳು ಬಂದು ನಿಲ್ಲುತ್ತಿದ್ದ ದೊಡ್ಡ ವ್ಯಾಪಾರದ ಊರು ಎಂದು ನಾನೇ ಹುರಿದುಂಬಿಸಿದ್ದೆ. ಸಿಕ್ಕಿದ್ದು ರಿಕ್ಷಾಗಳ ಗದ್ದಲ, ನಾರುವ ನಾಲೆ. ಅದರಾಚೆ, ಮಹಾತ್ಮರ ಅವಶೇಷದ ಮೇಲೆ ಬೌದ್ಧರು ಕಟ್ಟಿದ ಹಳೆಯ ಸ್ತೂಪದ ಇಟ್ಟಿಗೆಯ ದಿಬ್ಬ. ಕಾಕಾ ಮಣ್ಣು ಮೂಸಿ ಖುಷಿಯಾದರು. "ಸಾವಿರಾರು ವರ್ಷ ಒಂದಽ ಕಡೆ! ಮಲಗಿದ್ರ ಹಿಂಗ ಮಲಗಬೇಕು ನೋಡು."

ಒಳಗಿದ್ದ ಅವಶೇಷದ ಪೆಟ್ಟಿಗೆಯನ್ನು ಎಂದೋ ಅಗೆದು ಮುಂಬಯಿಗೆ ಒಯ್ದರು ಎಂದು ಅಲ್ಲಿದ್ದ ಕಾವಲುಗಾರ ಹಿಂದಿಯಲ್ಲಿ ಹೇಳಿದ. ಕಾಕಾರ ಮುಖ ಇಳಿದುಹೋಯಿತು. "ಅಂಥಾ ದೊಡ್ಡವರನ್ನಽ ಎಬ್ಬಿಸ್ಯಾರ. ನಮ್ಮಾಕೀನ ಬಿಟ್ಟಾರೇನು?"

ಕುರ್ಲಾಕ್ಕೆ ಮರಳಿದ್ದೇ ಮನೆಗೂ ಹೋಗದೆ ಸೀದಾ ರುದ್ರಭೂಮಿಗೆ ನಡೆದರು. ಗೌರಮ್ಮನ ಜಾಗದಲ್ಲಿ ಬೇರೆ ಯಾರದೋ ಹಸಿ ಸಮಾಧಿ, ಮೇಲೆ ಚೆಂಡುಹೂವು. "ಜಗಾ ಕಮ್ ಹೈ, ಚಾಚಾ. ಪುರಾನಾ ಖಾಲಿ ಕರನಾ ಪಡತಾ ಹೈ," ಎಂದ ಕುಣಿ ತೋಡುವವನು; ಜಾಗ ಸಾಲದೆ ಹಳೆಯ ಕುಣಿಗಳನ್ನು ತೆರವು ಮಾಡುತ್ತಾರಂತೆ. ಕಾಕಾ ಅಳಲಿಲ್ಲ. "ಕುಂಡ್ರಸಿ ಬಂದಿದ್ನೆಲ್ಲಪಾ. ಎಬ್ಬಿಸಿ ಎಲ್ಲಿ ಕಳಿಸಿದ್ರಿ?" ಎಂದಷ್ಟೇ ಕೇಳಿದರು. ಅವನಿಗೆ ಕನ್ನಡ ತಿಳಿಯಲಿಲ್ಲ. ಅವರನ್ನು ಸೋಪಾರಾಕ್ಕೆ ಯಾಕಾದರೂ ಕರೆದೊಯ್ದೆನೋ ಎಂದುಕೊಂಡೆ. ಅಂದಿನಿಂದ ಕಾಕಾ ಎಲ್ಲೂ ಬಗ್ಗಿ ಮಣ್ಣು ಮುಟ್ಟಲಿಲ್ಲ.

ಮರುವರ್ಷ ಪರೇಲಿನ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದರು. "ಸುಟ್ಟಬಿಡ್ರಿ ನನ್ನ. ಬೂದೀನ ಯಾರೂ ಎಬ್ಬಿಸೂದಿಲ್ಲ." ಅದೇ ಕೊನೆಯ ಭೇಟಿ.

ಲಿಂಗವಂತರನ್ನು ಸುಡುವುದೇ ಎಂದು ಸಮಾಜದ ಹಿರಿಯರು ಸಿಡಿಮಿಡಿಗೊಂಡರು. ಮಲಾಡಿನಿಂದ ಬಂದ ಕಾಕಾರ ಮಗ ನನ್ನನ್ನೇ ಕೇಳಿದ: "ಅಂಕಲ್, ಪಪ್ಪಾ ಸಚ್ಚೀ ಹಂಗ ಅಂದ್ರು?" ಹೌದು ಎಂದೆ. ವಿದ್ಯುತ್ ಚಿತಾಗಾರದ ಬಾಗಿಲು ಮುಚ್ಚಿತು.

ನಮ್ಮಲ್ಲಿ ಮಣ್ಣಿಗೆ ಬಂದವರೆಲ್ಲ ಕುಣಿಗೆ ಒಂದೊಂದು ಹಿಡಿ ಮಣ್ಣು ಹಾಕಿ, ಕೈ ತೊಳೆದು ಹೊರಡುವುದು ವಾಡಿಕೆ. ಅಂದೂ ನಲ್ಲಿಯ ಮುಂದೆ ಸಾಲಾಗಿ ನಿಂತೆವು. ಯಾರ ಕೈಗೂ ಮಣ್ಣಾಗಿರಲಿಲ್ಲ.