ಹಗಲು ಉಸಿರಾಡಿದ ಮಡಿಕೆ ಕಾಳು

ಶಿವಲೀಲಾ ಬೆಳಗಿನ ರೈಲಿನಿಂದ ಕೊಪ್ಪಳದಲ್ಲಿ ಇಳಿದಾಗ ಅವಳ ಕೈಯಲ್ಲಿ ಎರಡು ಚೀಲಗಳಿದ್ದವು. ದೊಡ್ಡದರಲ್ಲಿ ಬಟ್ಟೆಬರೆ. ಚಿಕ್ಕದರಲ್ಲಿ ಬಿಗಿ ಮುಚ್ಚಳದ ಎರಡು ಗಾಜಿನ ಬಾಟಲಿ, ತಿಳಿ ಸುಣ್ಣದ ನೀರಿನ ಸೀಸೆ, ಡಬ್ಬಿಯಲ್ಲಿ ಬೇಯಿಸಿದ ಒಂದು ಹಿಡಿ ಕಾಳು, ಮತ್ತು ಒದ್ದೆ ಬಟ್ಟೆಯಲ್ಲಿ ಕಟ್ಟಿದ ಮೊಳಕೆಯೊಡೆದ ಮಡಿಕೆ ಕಾಳು.

ಕಾಳು ನೆನೆಸಿದ್ದು ಬೆಂಗಳೂರಿನ ಮೇಕಪ್ ಕೋಣೆಯಲ್ಲಿ. ಅವಳು ನಟಿಸುವ ಧಾರಾವಾಹಿಯ ಸಹನಿರ್ದೇಶಕ ರಫೀ ಅದನ್ನು ಕಂಡು, "ಏನಕ್ಕಾ, ಸೆಟ್ಟಿನಾಗ ಉಸುಳಿ ಮಾಡಾಕ ಹತ್ತೀರಿ? ನನಗೂ ಒಂದು ಬಟ್ಟಲ ಇಡ್ರಿ," ಎಂದಿದ್ದ. ರಫೀ ಗಂಗಾವತಿಯವನು, ಅವಳ ಜೊತೆಗೆ ಮಾತ್ರ ಊರ ಮಾತು ಆಡುತ್ತಿದ್ದ.

"ತಿನ್ನಾಕಲ್ಲ ರಫೀಭಾಯ್, ಪರೀಕ್ಷಾಕ್ಕ."

"ಹಂಗಾರ ಕಾಳು ಪಾಸಾದ ಮ್ಯಾಲ ತಿಂತೀನಿ ಬಿಡ್ರಿ."

ಪರೀಕ್ಷೆ ಬಿ.ಎಡ್.ನದು. ಕುಕನೂರಿನ ಬೀಜದ ಅಂಗಡಿಯವರ ಮಗಳು ಶಿವಲೀಲಾ ಕೊಪ್ಪಳದಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಕಾಲೇಜಿನ ನಾಟಕವೊಂದರಿಂದ ಶುರುವಾದದ್ದು ಅವಳನ್ನು ಬೆಂಗಳೂರಿನ ಧಾರಾವಾಹಿಗೆ ಮುಟ್ಟಿಸಿತ್ತು. ಅದರಲ್ಲಿ ಅವಳು ಮನೆಯ ಹಿರಿಸೊಸೆ, ವಾರಗಿತ್ತಿಯ ಹಾಲಿಗೆ ವಿಷ ಬೆರೆಸಿದವಳು. ಹಬ್ಬದ ಹೊತ್ತಿಗೆ ಹಿರಿಸೊಸೆ ಜೈಲು ಸೇರುತ್ತಾಳೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಅಲ್ಲಿಂದ ಮುಂದೆ ಏನು ಎಂಬ ಪ್ರಶ್ನೆಗೆ ಅವಳು ಕಂಡುಕೊಂಡ ಉತ್ತರ ಬಿ.ಎಡ್. ಕಳೆದ ವರ್ಷ ಧಾರಾವಾಹಿಯ ಮದುವೆ ಕಂತುಗಳ ಚಿತ್ರೀಕರಣ ಬಂದು, ಹೊರಗಿನ ಪರೀಕ್ಷಕರ ಎದುರು ಮಾಡಬೇಕಾದ ಅಂತಿಮ ಪಾಠ ತಪ್ಪಿಹೋಗಿತ್ತು. ಈ ಸಲವೂ ತಪ್ಪಿದರೆ ಇನ್ನೊಂದು ವರ್ಷ ಹೀಗೇ ರೈಲು, ಸೆಟ್ಟು, ಶಾಲೆ ಎಂದು ತಿರುಗಬೇಕು. ಅಷ್ಟು ಕಸುವು ತನ್ನಲ್ಲಿ ಉಳಿದಿಲ್ಲವೆಂದು ಅವಳಿಗೆ ಗೊತ್ತಿತ್ತು. ಭಾರದ ಒಡವೆ ಹೊತ್ತೂ ಹೊತ್ತೂ ಅವಳ ಕುತ್ತಿಗೆ ಬೆಳಗಾದರೆ ಸರಿಯಾಗಿ ತಿರುಗುತ್ತಿರಲಿಲ್ಲ.

ಆದರೆ ದಣಿವಿಗಿಂತ ಅವಳು ಹೆದರಿದ್ದು ತನ್ನ ಕಸುಬಿನ ಒಂದು ರೂಢಿಗೆ. ಸೆಟ್ಟಿನಲ್ಲಿ ಮಾತು ಬಾಯಿಪಾಠ ಮಾಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ರಫೀ ಕ್ಯಾಮರಾದ ಪಕ್ಕ ನಿಂತು ಒಂದೊಂದೇ ಸಾಲು ಹೇಳಿಕೊಡುತ್ತಾನೆ. ಅವಳು ಕೇಳುತ್ತಾಳೆ, ಮುಖದಲ್ಲಿ ಸಿಟ್ಟು ತಂದು ಅದನ್ನೇ ಹೇಳುತ್ತಾಳೆ, ಹೇಳಿದೊಡನೆ ಮರೆಯುತ್ತಾಳೆ. ನಡುವಿನ ಮೌನವನ್ನು ಸಂಕಲನದಲ್ಲಿ ಕತ್ತರಿಸುತ್ತಾರೆ. ಆಮೇಲೆ ಬೇರೊಬ್ಬ ಹೆಂಗಸು ಆ ಮಾತಿಗೆ ದನಿ ಕೊಡುತ್ತಾಳೆ, ಏಕೆಂದರೆ ಶಿವಲೀಲಾಳ ಮಾತಿನಲ್ಲಿ ಊರಿನ ಎಳೆತವಿದೆ. ಇಷ್ಟು ವರ್ಷ ಹೀಗೆ ನಡೆದು, ಹೇಳಿಕೊಡುವವರಿಲ್ಲದ ಕಡೆ ಅವಳ ನಾಲಿಗೆ ನಿಂತುಬಿಡುತ್ತಿತ್ತು. ಅಭ್ಯಾಸದ ಪಾಠಗಳಲ್ಲಿ ಅದನ್ನು ಮೊದಲು ಗುರುತಿಸಿದವರು ಬಿ.ಎಡ್. ಕಾಲೇಜಿನ ಇಮಾಮಬಾನು ಮೇಡಂ.

"ಒಂದೊಂದು ಮಾತಿಗೊಮ್ಮೆ ಬಾಗಲಾ ನೋಡ್ತೀಯಲ್ಲವಾ, ಯಾರು ಬರಾವ್ರದಾರ ಅಲ್ಲಿ?" ಎಂದು ಅವರು ಕೇಳಿದ್ದರು. ಅವಳು ಕಾರಣ ಹೇಳಿದಾಗ ನಗಲಿಲ್ಲ. "ಹಂಗಾರ ಕೈಯಾಗ ಏನರ ಹಿಡ್ಕೊ. ಕೈಯಾಗಿಂದು ನೋಡಿ ಮಾತಾಡು," ಎಂದಿದ್ದರು. ಬಾಟಲಿ, ಕಾಳುಗಳ ಯೋಚನೆ ಹುಟ್ಟಿದ್ದು ಹಾಗೆ.

ಸ್ಟೇಷನ್ನಿನಿಂದ ಅವಳು ಆಟೊ ಹಿಡಿದು, ತಾನು ಅಭ್ಯಾಸದ ಪಾಠ ಮಾಡಿದ್ದ ಶಾಲೆಗೆ ನೇರವಾಗಿ ಹೋದಳು. ಒಂದು ಬಾಟಲಿಗೆ ಮೊಳಕೆಕಾಳು, ಇನ್ನೊಂದಕ್ಕೆ ಬೇಯಿಸಿದ ಕಾಳು ಹಾಕಿ, ಎರಡರೊಳಗೂ ಸುಣ್ಣದ ನೀರಿನ ಪುಟ್ಟ ಬಟ್ಟಲು ಇಳಿಸಿ, ಮುಚ್ಚಳ ಬಿಗಿದು ತರಗತಿಯ ಕಿಟಕಿಯಲ್ಲಿ ಬಿಸಿಲು ಬೀಳುವ ಕಡೆ ಇಟ್ಟಳು. ಸುಣ್ಣ, ಹಿಂದಿನ ಸಲ ಊರಿಗೆ ಹೋದಾಗ ತಾಯಿ ಕಳಕಮ್ಮನ ಎಲೆ ಅಡಿಕೆ ಚೀಲದಿಂದ ತಂದದ್ದು.

ಮಧ್ಯಾಹ್ನದ ಊಟವಾದ ಮೇಲೆ ಪಾಠ. ಪರೀಕ್ಷಕರು ಕುಷ್ಟಗಿಯಿಂದ ಬಂದ ವಿರೂಪಾಕ್ಷಪ್ಪ ಸರ್. ಅವರು ಹಿಂದಿನ ಬೆಂಚಿನಲ್ಲಿ ಕೂತು ಕನ್ನಡಕ ಏರಿಸಿದರು. ಮಕ್ಕಳು ಮೊದಲಿಗೆ ಗುಸುಗುಸು ಎಂದವು. "ಹಾಲಿನಾಕಿ, ಹಾಲಿನಾಕಿ," ಎಂದ ಒಬ್ಬನ ಬಾಯಿಯನ್ನು ಪಕ್ಕದವನು ಕೈಯಿಂದ ಮುಚ್ಚಿದ.

ಶಿವಲೀಲಾ ಪುಸ್ತಕದ ಭಾಷೆಯಲ್ಲಿ ಶುರುಮಾಡಿದಳು. "ಎಲ್ಲ ಜೀವಿಗಳಿಗೂ ಶಕ್ತಿ ಬೇಕು. ಆಹಾರದಿಂದ ಶಕ್ತಿಯನ್ನು ಬಿಡುಗಡೆ ಮಾಡುವ ಕ್ರಿಯೆಯೇ ಉಸಿರಾಟ." ಎರಡು ಮೂರು ವಾಕ್ಯ ಸರಾಗವಾಗಿ ಬಂದವು. ಕರಿಹಲಗೆಗೆ ತಿರುಗಿ ಎಲೆಯ ಚಿತ್ರ ಬರೆದು ಮತ್ತೆ ಮಕ್ಕಳ ಕಡೆ ತಿರುಗುವಷ್ಟರಲ್ಲಿ ಮುಂದಿನ ವಾಕ್ಯ ಹೋಗಿತ್ತು. "ಸಸ್ಯಗಳು..." ಎಂದಳು. ನಿಂತಳು. ಬಾಗಿಲ ಕಡೆ ನೋಡಿದಳು.

ಮುಂದಿನ ಸಾಲಿನ ಮುಬಾಶಿರಾ ಎಂಬ ಹುಡುಗಿಗೆ ಟೀಚರ್ ಮೇಲೆ ಕನಿಕರ ಬಂತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು: "ರಾತ್ರಿ ಮಾತ್ರ ಉಸಿರಾಡುತ್ತವೆ."

"ರಾತ್ರಿ ಮಾತ್ರ ಉಸಿರಾಡುತ್ತವೆ," ಎಂದಳು ಶಿವಲೀಲಾ, ಸ್ಪಷ್ಟವಾಗಿ, ದನಿ ಎತ್ತಿ, ರಫೀ ಹೇಳಿಕೊಟ್ಟಿದ್ದರೆ ಹೇಗೆ ಹೇಳುತ್ತಿದ್ದಳೋ ಹಾಗೆಯೇ.

ಮಕ್ಕಳು ಬರೆದುಕೊಂಡವು. ಹಿಂದಿನ ಬೆಂಚಿನಲ್ಲಿ ಪರೀಕ್ಷಕರ ಪೆನ್ನೂ ಓಡಿತು. ತಾನು ಹೇಳಿದ್ದೇನೆಂದು ಅವಳ ಕಿವಿಗೆ ಮುಟ್ಟಿದ್ದು ಆಮೇಲೆ. ಸಸ್ಯಗಳು ಹಗಲೂ ರಾತ್ರಿಯೂ ಉಸಿರಾಡುತ್ತವೆ. ಇದನ್ನು ಕಲಿಸಲೆಂದೇ ಅವಳು ಅಷ್ಟು ದೂರದಿಂದ ಬಂದದ್ದು. ಮುಂದಿನದಕ್ಕೆ ದಾಟಿಬಿಟ್ಟರೆ ಮಕ್ಕಳಿಗೆ ತಿಳಿಯುವುದಿಲ್ಲ. ಆದರೆ ಬರೆದುಕೊಂಡದ್ದು ಅವರ ಪುಸ್ತಕದಲ್ಲಿ ಉಳಿಯುತ್ತದೆ. ಅದನ್ನು ಸಂಕಲನದಲ್ಲಿ ಕತ್ತರಿಸುವವರಿಲ್ಲ.

"ಒನ್ ಮೋರ್," ಎಂದಿತು ಅವಳ ಬಾಯಿ, ತಪ್ಪಿದ ದೃಶ್ಯವನ್ನು ಮತ್ತೆ ತೆಗೆಯುವಾಗಿನ ಸೆಟ್ಟಿನ ರೂಢಿಯಲ್ಲಿ. ಮಕ್ಕಳು ನಕ್ಕವು.

"ನಗ್ರಿ, ನಗ್ರಿ. ನಾ ಈಗ ಹೇಳಿದ್ದು ತಪ್ಪೈತಿ. ಎಲ್ಲಾರೂ ಅದರ ಮ್ಯಾಲ ಒಂದು ಗೀಟು ಎಳೀರಿ," ಎಂದಳು. ಪುಸ್ತಕದ ಭಾಷೆ ಎಲ್ಲಿ ಬಿಟ್ಟುಹೋಯಿತೋ ಅವಳಿಗೂ ತಿಳಿಯಲಿಲ್ಲ. ಕಿಟಕಿಯ ಬಾಟಲಿಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಮುಬಾಶಿರಾ, ನಿನಗ ಯಾರು ಹೇಳಿದ್ರು ಇದನ್ನ?"

"ನಮ್ಮಜ್ಜಿ ರೀ ಟೀಚರ್. ರಾತ್ರಿ ಹುಣಸಿ ಗಿಡದ ಕೆಳಗ ಮಲಗಬ್ಯಾಡ್ರಿ, ಗಿಡ ಉಸಿರು ಬಿಡ್ತೈತಿ ಅಂತಾಳ್ರಿ."

"ಬಿಡ್ತೈತಿ, ಖರೆ. ಹಗಲ ಬಿಡೂದಿಲ್ಲೇನು? ಬಾ ಇಲ್ಲಿ. ಈ ಬಟ್ಟಲದಾಗ ಏನು ಕಾಣ್ತೈತಿ?"

"ಮಜ್ಜಿಗಿ ಆಗೇತ್ರಿ."

"ಸುಣ್ಣದ ನೀರದು. ಮುಂಜಾನಿ ತಿಳಿ ಇತ್ತು. ಕಾಳು ಬಿಟ್ಟ ಉಸಿರಿಗೆ ಬೆಳ್ಳಗಾತು. ಈ ಕಡಿ ಬೇಯಿಸಿದ ಕಾಳು. ಜೀವ ಇಲ್ಲ, ಉಸಿರಿಲ್ಲ, ನೀರು ತಿಳೀನ ಐತಿ. ಈಗ ಹೇಳು, ಬಾಟಲಿ ಇಟ್ಟದ್ದು ಮುಂಜಾನಿ. ನಡುವ ರಾತ್ರಿ ಆತೇನು?"

ಮುಬಾಶಿರಾ ಕಿಟಕಿಯಾಚೆಯ ಬಿಸಿಲನ್ನೊಮ್ಮೆ, ಬಟ್ಟಲನ್ನೊಮ್ಮೆ ನೋಡಿದಳು. "ಇಲ್ರಿ," ಎಂದಳು. "ಹಂಗಾರ ಹಗಲೂ ಬಿಡ್ತೈತ್ರಿ."

ಅಲ್ಲಿಂದ ಗಂಟೆ ಬಾರಿಸುವ ತನಕ ಶಿವಲೀಲಾ ಬಾಗಿಲ ಕಡೆ ನೋಡಲಿಲ್ಲ. ನೋಡಲು ಬಿಡುವಿರಲಿಲ್ಲ. ಹುಣಸೆ ಗಿಡ ಹಗಲಲ್ಲಿ ಉಸಿರಾಟವನ್ನೂ ಆಹಾರ ತಯಾರಿಕೆಯನ್ನೂ ಒಟ್ಟಿಗೆ ಹೇಗೆ ಮಾಡುತ್ತದೆ ಎಂದು ಮಕ್ಕಳು ಒಬ್ಬರಾದ ಮೇಲೊಬ್ಬರು ಕೇಳುತ್ತಿದ್ದರು.

ಶಿಕ್ಷಕರ ಕೋಣೆಯಲ್ಲಿ ವಿರೂಪಾಕ್ಷಪ್ಪ ಸರ್ ಕಾಗದ ಮಡಿಸಿಟ್ಟುಕೊಂಡರು. "ತಪ್ಪು ಹೇಳಿದ್ರಿ. ಅದನ್ನ ಬರದೀನಿ."

"ಹೌದ್ರಿ ಸರ್."

"ಅದರ ಕೆಳಗ ತಿದ್ದಿದ್ದೂ ಬರದೀನಿ. ಪಾಸ್ ಅದೀರಿ." ಅವರು ಎದ್ದು ಚೀಲ ಹೆಗಲಿಗೇರಿಸಿದರು. "ನಿಮ್ಮನ್ನ ಪಾಸ್ ಮಾಡೀನಿ ಅಂತ ಮನಿಯಾಗಂತೂ ಹೇಳಂಗಿಲ್ಲ. ಹಾಲಿಗೆ ವಿಷ ಹಾಕಿದಾಕಿನ್ನ ಹಂಗ ಬಿಟ್ಟು ಬಂದ್ರೇನು ಅಂತಾಳ ನಮ್ಮಾಕಿ. ಹೋಗಿ ಮಕ್ಕೊಳ್ರಿ ಮೊದಲ. ನಿದ್ದಿಗೆ ಕಣ್ಣು ನಿಲ್ಲವಲ್ವು ನಿಮ್ಮವು."

ಖುಷಿಯಾಗಬೇಕಿತ್ತು. ಆದದ್ದು, ಹೊತ್ತ ಮೂಟೆ ಇಳಿಸಿದ ಮೇಲೂ ಹೆಗಲು ನೋಯುತ್ತದಲ್ಲ, ಅಂಥದ್ದು. ಕುಕನೂರಿನ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆಹೋದಳು. ಕಂಡಕ್ಟರ್ ಎಬ್ಬಿಸಬೇಕಾಯಿತು.

ಮನೆಗೆ ಬಂದಾಗ ಧಾರಾವಾಹಿಯ ಹೊತ್ತು. ಟೀವಿಯಲ್ಲಿ ರೇಷ್ಮೆ ಸೀರೆಯ ಹಿರಿಸೊಸೆ ಯಾರ ಮೇಲೋ ಕೂಗಾಡುತ್ತಿದ್ದಳು. ಕಳಕಮ್ಮ ಮಗಳ ಮುಖವನ್ನು ನೋಡಿದರು, ಅಂಗೈಗೆ ಹತ್ತಿದ ಸುಣ್ಣದ ಕಲೆಯನ್ನು ನೋಡಿದರು.

"ಏನಾತು?"

"ಪಾಸಾತವಾ."

"ಹಂಗ ಒಂದ ಮಾತಿಗೆ ಮುಗಸ್ತೀಯೇನು? ಮೊದಲಿಂದ ಹೇಳು." ಕಳಕಮ್ಮ ರಿಮೋಟು ಒತ್ತಿ ಟೀವಿಯ ದನಿ ಪೂರ್ತಿ ಇಳಿಸಿದರು. "ತಡಿ, ಇಕೀ ಬಾಯಿ ಮುಚ್ಚಸ್ತೀನಿ. ಮಾರಿ ನಿಂದು, ದನಿ ಯಾರದೋ ಏನೋ. ಹೇಳೀಗ."

ಶಿವಲೀಲಾ ಗೋಡೆಗೆ ಒರಗಿ ಹೇಳತೊಡಗಿದಳು. ಮುಬಾಶಿರಾಳ ಪಿಸುಮಾತು, ಗೀಟು ಎಳೆಸಿದ್ದು, ಮಜ್ಜಿಗೆಯಂತಾದ ನೀರು, ಎಲ್ಲವನ್ನೂ ಎಲ್ಲೂ ನಿಲ್ಲದೆ ಹೇಳಿದಳು. ಹುಣಸೆ ಗಿಡದ ಹತ್ತಿರ ಬಂದಾಗ ಮಾತು ತಡೆಯಿತು. ಮುಂದಿನದಕ್ಕೆ ಕಾದು ಕಳಕಮ್ಮ ಬಗ್ಗಿ ನೋಡಿದರೆ, ಮಗಳು ಕೂತಲ್ಲೇ ನಿದ್ದೆಹೋಗಿದ್ದಳು. ಕಳಕಮ್ಮ ಟೀವಿ ಆರಿಸಿ, ಹಾಸಿಗೆ ತರಲು ಒಳಗೆ ಹೋದರು.